ಸ್ವಾಗತದ ಸಾಲಿನಲ್ಲಿ ಕೊನೆಯವಳು

ಬಿನ್ನಿಪೇಟೆ
ಭಾನುವಾರ, ೨೪ ಆಗಸ್ಟ್ ೨೦೨೫

ಕುಸುಮಾ ಅಪ್ಪನವರಿಗೆ, ಶಶಿರೇಖಾಳ ನಮಸ್ಕಾರ.

ಹೇಗಿದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದೀರೋ ಇಲ್ಲವೋ. ಸೂಲಿಬೆಲೆ ಕಡೆ ಮಳೆ ಚೆನ್ನಾಗಿ ಆಯ್ತು ಅಂತ ಮುನೇಶ್ ಭಾವ ಹೇಳಿದ್ರು. ಗೌರಿ ಹಬ್ಬಕ್ಕೆ ಸೇವಂತಿಗೆ ತಗೊಂಡು ಇವತ್ತು ಬೆಳಿಗ್ಗೆ ಮಾರ್ಕೆಟ್ಟಿಗೆ ಬಂದವರು ಹಾಗೇ ಮನೆಗೂ ಬಂದ್ರು. "ನಿಮ್ಮ ತಮ್ಮ ಫೋನೇ ಎತ್ತಲ್ಲ ಭಾವ" ಅಂದೆ. "ಎತ್ತೋದಿರ್ಲಿ, ಅದನ್ನ ಚಾರ್ಜಿಗೇ ಹಾಕಲ್ಲಮ್ಮ ಅವನು. ತೋಟದಲ್ಲಿ ಬಗ್ಗಿಸಿದ ತಲೆ ಎತ್ತಲ್ಲ. ನೀನೊಂದು ಕಾಗದ ಬರೆದುಕೊಡು, ಎದುರಿಗೆ ಕೂರಿಸ್ಕೊಂಡು ಓದಿಸ್ತೀನಿ" ಅಂದ್ರು. ಹೂವಿನ ಬುಟ್ಟಿ ಖಾಲಿಯಾದ ಮೇಲೆ ಬರ್ತೀನಿ ಅಂತ ಹೇಳಿ ಹೋಗಿದಾರೆ. ಅಷ್ಟರಲ್ಲಿ ಮುಗಿಸ್ಬೇಕು.

ಬರೆಯೋದು ಬಹಳ ತಡವಾಯ್ತು ರೀ, ತಪ್ಪು ತಿಳ್ಕೋಬೇಡಿ. ಎಸ್ಸೆಸ್ಸೆಲ್ಸಿ ಓದಿದ ಕೈ ಇದು, ಪೆನ್ನು ಹಿಡಿದು ಯಾವ ಕಾಲ ಆಯ್ತೋ. ಮದುವೆಯಾದ ಮೇಲೆ ನಿಮಗೆ ಬರೀತಿರೋ ಮೊದಲನೇ ಕಾಗದ ಇದೇ. ನೀವು ಮನೆ ಬಿಟ್ಟು ಹೋಗಿ ಮಳೆಗಾಲ ಅರ್ಧ ಕಳೀತು. ಸಿಟ್ಟು ಇಳಿದ ಮೇಲೆ ಬರ್ತೀರಿ ಅಂತ ಕಾದೆ. ಆಮೇಲೆ ಇಲ್ಲಿ ಒಂದರ ಮೇಲೊಂದು ನಡೆದು ಹೋಯ್ತು, ಯಾವುದನ್ನ ಮೊದಲು ಹೇಳ್ಬೇಕೋ ತಿಳೀಲಿಲ್ಲ.

ಅತ್ತೆ ಚೆನ್ನಾಗಿದಾರೆ. ಮಂಡಿ ನೋವು ಇದ್ದೇ ಇದೆ. ದಿನಾ ಸಂಜೆ ಹೊಸ್ತಿಲ ಮೇಲೆ ಕೂತು ರಸ್ತೆ ನೋಡ್ತಾರೆ. "ಮುನಿರಾಜ ಬರಲ್ವೇನೆ?" ಅಂತ ಕೇಳ್ತಾರೆ, "ಬರ್ತಾರೆ ಅತ್ತೆ" ಅಂತೀನಿ, ಮುಗೀತು. ನಿಮ್ಮ ಸೊಪ್ಪಿನ ತಳ್ಳುಗಾಡಿಗೆ ಟಾರ್ಪಾಲು ಹೊದಿಸಿ ಗೋಡೆ ಪಕ್ಕ ಚೈನು ಹಾಕಿಟ್ಟಿದೀನಿ. ಒಂದು ಚಕ್ರಕ್ಕೆ ತುಕ್ಕು ಹಿಡಿದಿದೆ.

ಮಗು ಹೋಗಿ ವರ್ಷ ತುಂಬಿದ ದಿನ ಅತ್ತೆ ಚಿತ್ರಾನ್ನ ಮಾಡಿ ಎಡೆ ಇಟ್ರು. ಕಡಲೆಬೀಜ ಜಾಸ್ತಿ ಹಾಕಿದ್ರು, ಅವಳಿಗೆ ಇಷ್ಟ ಅಂತ. ಆವತ್ತಾದ್ರೂ ನೀವು ಬರ್ತೀರಿ ಅಂದ್ಕೊಂಡಿದ್ವಿ.

ನಾನು ಕೆಲಸಕ್ಕೆ ಸೇರ್ತೀನಿ ಅಂದ ದಿನ ನೀವು ಅಂದ ಮಾತು ನನಗೆ ಮರೆತಿಲ್ಲ. "ಮಗಳನ್ನ ತಿಂದ ಜಾಗದಲ್ಲಿ ಕೂತು ಅನ್ನ ಉಣ್ತೀಯೇನೇ?" ಅಂದ್ರಿ. ಬಟ್ಟೆ ತುಂಬ್ಕೊಂಡು ಹೊರಟೇ ಬಿಟ್ರಿ.   ನಮ್ಮವಳ ಸ್ಕೂಲಿನ ಕಾರ್ಯದರ್ಶಿ ದೊಡ್ಡಬೈರಪ್ಪನವರು ತಾವಾಗೇ ಕಾರಲ್ಲಿ ವಠಾರಕ್ಕೆ ಬಂದು, "ಆಗಿದ್ದು ಆಗೋಯ್ತಮ್ಮ. ಹಾಸ್ಟೆಲಲ್ಲಿ ಆಯಾ ಕೆಲಸ ಇದೆ. ನಿನ್ನ ಮಗಳ ಹಂಗೇ ನೂರು ಮಕ್ಕಳು ಅಲ್ಲಿ. ಅವರನ್ನ ನೋಡ್ಕೊಂಡು ಇರು" ಅಂದಾಗ ನಾನು ಯೋಚನೆ ಮಾಡಿದ್ದು ಒಂದೇ. ಅವಳು ಮಲಗ್ತಿದ್ದ ಜಾಗ ನೋಡ್ಬೇಕು.

ನಾವು ಆ ಸ್ಕೂಲಿನ ಒಳಗೆ ಯಾವತ್ತು ಹೋಗಿದ್ವಿ ಹೇಳಿ? ತಿಂಗಳಿಗೊಂದು ಭಾನುವಾರ, ಅದೂ ಗೇಟಿನ ಪಕ್ಕದ ಶೀಟಿನ ಕೆಳಗೆ ಬೆಂಚು ಹಾಕಿ ಕೂರಿಸ್ತಿದ್ರು. ನಾವಿಬ್ಬರೂ ಕತ್ತಲಿರುವಾಗ್ಲೇ ಮಾರ್ಕೆಟ್ಟಿಗೆ ಹೋದ್ರೆ ಬೆಳೆದ ಹುಡುಗಿ ವಠಾರದಲ್ಲಿ ಒಬ್ಬಳೇ, ಅತ್ತೆಗೆ ಕಣ್ಣು ಮಂಜು, ಚಾಮರಾಜಪೇಟೆ ಏನು ದೂರ, ಊಟ ಪಾಠ ಎರಡೂ ಅಲ್ಲೇ ಆಗತ್ತೆ ಅಂತ ಸೇರಿಸಿದ್ವಿ. ಆ ಸ್ಕೂಲಿನ ಗೋಡೆ ಪಕ್ಕದಲ್ಲೇ ನೀವು ದಿನಾ ಗಾಡಿ ತಳ್ಕೊಂಡು ಹೋಗ್ತಿದ್ರಿ. ಆದ್ರೂ ಅವಳಿಗೆ ಜ್ವರ ಅಂತ ನಮಗೆ ತಿಳಿದಿದ್ದು ಅವಳನ್ನ ಆಸ್ಪತ್ರೆಗೆ ಹಾಕಿದ ಮೇಲೆ. ಮಾತ್ರೆ ಕೊಟ್ಟು ಕೊಟ್ಟು ಮಲಗಿಸಿದ್ರಂತೆ. ಡೆಂಗಿ ಅಂತ ಡಾಕ್ಟರು ಹೇಳೋ ಹೊತ್ತಿಗೆ ಅವಳಿಗೆ ಮಾತು ನಿಂತಿತ್ತು. ನಾನು ಆ ವಾರ್ಡನ್ನಿನ ಸೆರಗು ಹಿಡಿದು, ನಮಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ ಅಂತ ಕೂಗಾಡ್ದೆ. ನೀವು ಗೋಡೆಗೆ ಒರಗಿ ನಿಂತಿದ್ರಿ.

ಆ ವಾರ್ಡನ್ ಬಿಟ್ಟು ಹೋದ್ರು. ಪೇಪರಲ್ಲಿ ಬಂದ ಮೇಲೆ ಟೀಚರುಗಳೂ ಒಬ್ಬೊಬ್ಬರಾಗಿ ಬಿಟ್ರು. ಹಾಗಾಗಿ ಈ ಸಲ ಜೂನಲ್ಲಿ ಬಹಳ ಜನ ಹೊಸಬರು. ಅವರಿಗೆಲ್ಲ ಸ್ವಾಗತ ಸಮಾರಂಭ ಅಂತ ಇಟ್ಕೊಂಡಿದ್ರು. ನನಗೂ ಒಳ್ಳೆ ಸೀರೆ ಉಟ್ಕೊಂಡು ಬಾ ಅಂತ ಹೇಳಿ ಕಳಿಸಿದ್ರು.

ಅಂಗಳದಲ್ಲಿ ಶಾಮಿಯಾನ, ಬಾಗಿಲಿಗೆ ಮಾವಿನೆಲೆ. ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ತಿದ್ರು. ಹೊಸಬರನ್ನೆಲ್ಲ ವೇದಿಕೆ ಮೇಲೆ ಕುರ್ಚಿ ಹಾಕಿ ಕೂರಿಸಿದ್ರು. ವಿಜ್ಞಾನಕ್ಕೆ ಪ್ರತಿಭಾ ಮಿಸ್ ಅಂತ, ಇನ್ನೂ ಚಿಕ್ಕ ಹುಡುಗಿ, ಬಿಎಡ್ ಮುಗಿಸಿ ನೇರ ಬಂದಿದ್ದು. ಲೆಕ್ಕಕ್ಕೆ ಅನಿಲ್ ಕುಮಾರ್ ಸರ್. ವಾರ್ಡನ್ ಆಗಿ ಆಂಡಾಳ್ ಮೇಡಂ, ಗಂಡ ತೀರಿಕೊಂಡ ಮೇಲೆ ಮೊದಲನೇ ಕೆಲಸವಂತೆ, ಕರ್ಚೀಫನ್ನ ಹಿಂಡ್ತಾ ಕೂತಿದ್ರು. ಇನ್ನೂ ಇಬ್ಬರು ಮೂವರು. ಕೊನೇ ಕುರ್ಚಿ ನನ್ನದು.

ಹೆಡ್ ಮಿಸ್ ತ್ರಿಪುರಸುಂದರಿ ಮೇಡಂ ಒಬ್ಬೊಬ್ಬರ ಹೆಸರು ಕರೆದು ಹಣೆಗೆ ಕುಂಕುಮ ಇಟ್ಟು ಒಂದು ಗುಲಾಬಿ ಕೊಟ್ರು. "ಇನ್ನು ಮೇಲೆ ನೀವೂ ನಮ್ಮ ಕುಟುಂಬದವರು" ಅಂತ ಎಲ್ಲರಿಗೂ ಅಂದ್ರು. ನನ್ನ ಹತ್ತಿರ ಬಂದಾಗ ಮಾತ್ರ ದೊಡ್ಡಬೈರಪ್ಪನವರು ಎದ್ದು ಮೈಕು ತಗೊಂಡ್ರು.

"ಹೋದ ವರ್ಷ ನಮ್ಮ ಸಂಸ್ಥೆಗೆ ಒಂದು ನೋವಾಯ್ತು. ದೇವರ ಆಟ, ನಮ್ಮ ಕೈಲಿ ಏನಿದೆ? ಜನ ಏನೇನೋ ಅಂದ್ರು. ಆದ್ರೆ ನೋಡಿ, ಆ ಮಗುವಿನ ತಾಯೀನೇ ಇವತ್ತು ನಮ್ಮನ್ನ ನಂಬಿ ನಮ್ಮ ಜೊತೆ ಬಂದು ನಿಂತಿದಾರೆ. ಇದಕ್ಕಿಂತ ಸರ್ಟಿಫಿಕೇಟ್ ಬೇಕಾ ನಮಗೆ?"

ಜನ ಚಪ್ಪಾಳೆ ತಟ್ಟಿದ್ರು ರೀ. ಫೋಟೋದವನು ಮುಂದೆ ಬಂದು "ಅಮ್ಮ, ಸ್ವಲ್ಪ ಈ ಕಡೆ" ಅಂದ. ಆವಾಗ ಅರ್ಥ ಆಯ್ತು ನನಗೆ, ನನ್ನನ್ನ ಯಾಕೆ ಕರೆದ್ರು ಅಂತ. ನೀವು ಅಂದಿದ್ದು ಸರಿ ಅಂತಾನೂ ಅನ್ನಿಸ್ತು. ಎದ್ದು ಹೋಗ್ಬೇಕು ಅಂದ್ಕೊಂಡೆ. ಎದುರಿಗೆ ಹತ್ತನೇ ಕ್ಲಾಸಿನ ಹುಡುಗೀರ ಸಾಲು ಇತ್ತು. ನಮ್ಮ ಕುಸುಮಾ ಇದ್ದಿದ್ರೆ ಆ ಸಾಲಲ್ಲಿ ನಿಂತಿರ್ತಿದ್ಲು. ಆ ಮಕ್ಕಳು ಯಾರೂ ಚಪ್ಪಾಳೆ ತಟ್ಟಲಿಲ್ಲ, ತಲೆ ತಗ್ಗಿಸಿ ನೆಲ ನೋಡ್ತಿದ್ರು.

"ಎರಡು ಮಾತಾಡಮ್ಮ" ಅಂತ ಮೈಕು ನನ್ನ ಕೈಗೆ ಕೊಟ್ರು. ಥ್ಯಾಂಕ್ಸ್ ಹೇಳ್ತಾಳೆ ಅಂದ್ಕೊಂಡಿರ್ಬೇಕು. ನನಗೆ ಬಾಯಿಗೆ ಬಂದಿದ್ದು ಇಷ್ಟೇ. "ಮಕ್ಕಳೇ, ಯಾರಿಗಾದ್ರೂ ಜ್ವರ ಬಂದ್ರೆ ನನಗೆ ಹೇಳಿ. ಯಾವ ಹೊತ್ತಾದ್ರೂ ಸರಿ, ನನಗೆ ಹೇಳಿ."

 ಹೆಡ್ ಮಿಸ್ ಮೈಕನ್ನ ಮೆಲ್ಲಗೆ ತಗೊಂಡು "ಈಗ ಲಘು ಉಪಾಹಾರ ಇದೆ" ಅಂದ್ರು.

ಕೆಲಸ ಅಂದ್ರೆ ಗೊತ್ತಲ್ಲ, ಮಹಡಿ ಗುಡಿಸೋದು, ಚಿಕ್ಕ ಮಕ್ಕಳಿಗೆ ಜಡೆ ಹಾಕೋದು, ಬಿಸಿನೀರಿನ ಹಂಡೆ ನೋಡ್ಕೊಳ್ಳೋದು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರ್ತಿದ್ದೆ. ಮೊದಲನೇ ವಾರ ನಾನು ಮಹಡಿ ಹತ್ತಲಿಲ್ಲ, ಕೆಳಗಿನ ಕೆಲಸಾನೇ ಕೇಳಿ ಮಾಡಿದೆ. ಆಮೇಲೊಂದು ದಿನ ಮಕ್ಕಳೆಲ್ಲ ಕ್ಲಾಸಿಗೆ ಹೋದ ಹೊತ್ತಲ್ಲಿ ಹತ್ತಿದೆ. ಉದ್ದದ ಹಾಲು, ಎರಡು ಕಡೆ ಕಬ್ಬಿಣದ ಮಂಚ. ನಮ್ಮವಳದ್ದು ಬೀದಿ ಕಡೆ ಕಿಟಕಿ ಪಕ್ಕದ್ದು. ಈಗ ಅದರ ಮೇಲೆ ಯಾರೂ ಮಲಗಲ್ಲ. ಹಾಸಿಗೆ ತೆಗೆದುಬಿಟ್ಟಿದಾರೆ, ಬರೀ ಕಬ್ಬಿಣದ ಪಟ್ಟಿ. ಹೊಸ ಮಕ್ಕಳು ಅದರ ಮೇಲೆ ಒದ್ದೆ ಟವೆಲ್ಲು ಒಣಗಿಸ್ತಾರೆ. ನಾನು ಟವೆಲ್ಲುಗಳನ್ನ ಆ ಕಡೆ ಸರಿಸಿ ಸ್ವಲ್ಪ ಹೊತ್ತು ಕೂತೆ.

ಪಕ್ಕದ ಮಂಚ ನಾಗವೇಣಿ ಅನ್ನೋ ಹುಡುಗೀದು. ಪಾವಗಡದ ಕಡೆಯವಳು, ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಊರೂರು ತಿರುಗ್ತಾರೆ. ಕುಸುಮಾಗೆ ಇವಳೇ ಹತ್ತಿರದವಳಂತೆ. ಶುರುವಲ್ಲಿ ನನ್ನ ಕಂಡ್ರೆ ಓಡಿ ಹೋಗ್ತಿದ್ಲು. ಒಂದಿನ ಜಡೆ ಹಾಕಿಸ್ಕೊಳ್ಳೋಕೆ ಬಂದು ಕೂತು, ಬೆನ್ನು ತಿರುಗಿಸ್ಕೊಂಡೇ ಹೇಳಿದ್ಲು. "ಆಂಟಿ, ಬೆಳಿಗ್ಗೆ ಸೊಪ್ಪಿನ ಗಾಡಿ ಕೂಗಿದ್ ತಕ್ಷಣ ಕುಸುಮಾ ಎದ್ದು ಕಿಟಕಿ ಹತ್ರ ನಿಂತ್ಕೊಳ್ತಿದ್ಲು. ಕಾಂಪೌಂಡ್ ಎತ್ತರ ಇದೆಯಲ್ಲ, ಗೋಡೆ ಮಗ್ಗುಲಲ್ಲಿ ಹೋಗೋದು ಏನೂ ಕಾಣಲ್ಲ. ಆದ್ರೂ ನಿಂತ್ಕೊಳ್ತಿದ್ಲು. ದಂಟು ಸಬ್ಬಸಿಗೇ ಅಂತ ನಮ್ಮಪ್ಪನೇ ಇಷ್ಟು ಉದ್ದಕ್ಕೆ ಎಳೆಯೋದು ಅಂತ ಎಲ್ಲರಿಗೂ ಹೇಳ್ತಿದ್ಲು."

ಇದನ್ನ ನಿಮಗೆ ಹೇಳ್ಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡ್ದೆ. ಅದು ನಿಮ್ಮದು, ನಾನು ಇಟ್ಕೊಳ್ಳೋದಲ್ಲ ಅನ್ನಿಸ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ನಾಗವೇಣಿಗೆ ಜ್ವರ ಬಂತು. ಮೊದಲು ಸುಮಾರಾಗಿತ್ತು, ಪರೇಡ್ ಪ್ರಾಕ್ಟೀಸಿಗೂ ಹೋದ್ಲು. ಆಮೇಲೆ ಮಲಗಿಬಿಟ್ಲು. ನಾನು ಆಂಡಾಳ್ ಮೇಡಂಗೆ ಹೇಳ್ದೆ. ಅವರು ಹೆಡ್ ಮಿಸ್ಸಿಗೆ ಹೇಳಿದ್ರು. "ಮಾತ್ರೆ ಕೊಡ್ತಿದೀವಲ್ಲ" ಅಂತ ಬಂತು. ಮಾರನೇ ದಿನ ಹಣೆ ತಣ್ಣಗಿತ್ತು. ಜ್ವರ ಬಿಡ್ತು ಅಂತ ಎಲ್ಲರೂ ಸಮಾಧಾನ ಪಟ್ರು. ನಾನು ಮಾತ್ರ ಅವಳ ಮಂಚದ ಹತ್ತಿರಾನೇ ಕೂತೆ. ಕುಸುಮಾಗೂ ಜ್ವರ ಬಿಟ್ಟ ಮೇಲೇ ಕೆಟ್ಟಿದ್ದು ಅಂತ ಡಾಕ್ಟರು ಹೇಳಿರಲಿಲ್ವೇ? ಈ ಹುಡುಗಿ ಹೊಟ್ಟೆ ನೋವು ಅಂತ ಮುದುಡ್ಕೊಂಡು ಮಲಗಿದ್ಲು. ತೋಳಿನ ಮೇಲೆ ಕೆಂಪು ಚುಕ್ಕೆ. ಬಾಯಿ ಮುಕ್ಕಳಿಸಿ ಉಗಿದ ನೀರು ಕೆಂಪಗಿತ್ತು.

ಹೆಡ್ ಮಿಸ್ ರೂಮಿಗೆ ಓಡ್ದೆ. ದೊಡ್ಡಬೈರಪ್ಪನವರೂ ಅಲ್ಲೇ ಕೂತಿದ್ರು. ಮರುದಿನ ಇಲಾಖೆಯವರು ಬರೋರಿದ್ರು, ಮಾನ್ಯತೆ ಮುಂದುವರಿಸೋದಕ್ಕೆ ಸ್ಕೂಲು ನೋಡೋಕೆ. ಗೋಡೆಗೆಲ್ಲ ಸುಣ್ಣ ಬಳಿಸ್ತಿದ್ರು.

"ಮೇಡಂ, ನಾಗವೇಣೀನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

"ಜ್ವರ ಬಿಟ್ಟಿದೆ ಅಂತ ಆಂಡಾಳ್ ಹೇಳಿದ್ರಲ್ಲ."

"ಬಿಟ್ಟಿದೆ ಮೇಡಂ. ಬಾಯಲ್ಲಿ ರಕ್ತ ಬರ್ತಿದೆ."

ಹೆಡ್ ಮಿಸ್ ಮುಖ ಸಣ್ಣದಾಯ್ತು. ಅವರು ಕೆಟ್ಟವರಲ್ಲ ರೀ. ಎದ್ದೇ ನಿಂತಿದ್ರು. ದೊಡ್ಡಬೈರಪ್ಪನವರು ಕೈ ಅಡ್ಡ ಮಾಡಿ, "ಕೂತ್ಕೊಳ್ಳಿ ಮೇಡಂ" ಅಂದ್ರು. ನನ್ನ ಕಡೆ ತಿರುಗಿ, "ನೋಡಮ್ಮ, ನಿನ್ನ ಸಂಕಟ ನನಗೆ ಅರ್ಥ ಆಗತ್ತೆ. ನಿನಗೆ ಎಲ್ಲಾ ಮಕ್ಕಳಲ್ಲೂ ನಿನ್ನ ಮಗಳೇ ಕಾಣ್ತಾಳೆ. ನಾಳೆ ಇಲಾಖೆಯವರು ಹೋಗ್ಲಿ, ಮಧ್ಯಾಹ್ನ ನನ್ನ ಕಾರಲ್ಲೇ ಕಳಿಸ್ತೀನಿ. ಈಗ ಆಸ್ಪತ್ರೆ ಅಂದ್ರೆ ಮತ್ತೆ ಪೇಪರು, ಮತ್ತೆ ಟೀವಿ. ಸ್ಕೂಲು ಮುಚ್ಚಿದ್ರೆ ಈ ಬಡ ಮಕ್ಕಳೆಲ್ಲ ಎಲ್ಲಿಗೆ ಹೋಗ್ಬೇಕು ಹೇಳು" ಅಂದ್ರು.

ನಾನು ನೇರ ಮಹಡಿಗೆ ಹೋಗಿ ಹುಡುಗೀನ ಎತ್ಕೊಂಡೆ. ಹದಿನೈದು ವರ್ಷದ ಹುಡುಗಿ, ಹೂವಿನ ಹಾಗಿರ್ತಾಳಾ? ಒಂದೊಂದೇ ಮೆಟ್ಟಿಲು ಇಳಿದೆ. ಪಾಠ ಮಾಡ್ತಿದ್ದ ಪ್ರತಿಭಾ ಮಿಸ್ ಕಿಟಕೀಲಿ ನೋಡಿ ಚಾಕ್‌ಪೀಸು ಕೈಲಿ ಹಿಡಿದ ಹಾಗೇ ಓಡಿ ಬಂದ್ರು. ಏನು ಎತ್ತ ಅಂತ ಕೇಳ್ಲಿಲ್ಲ. ಹುಡುಗಿ ಕಾಲು ಹಿಡ್ಕೊಂಡ್ರು.

ಗೇಟಿಗೆ ಬೀಗ. ವಾಚ್‌ಮನ್ ಆಂಜಿನಯ್ಯ "ಚೀಟಿ ಎಲ್ಲಮ್ಮ?" ಅಂದ. ಅಷ್ಟರಲ್ಲಿ ಹೆಡ್ ಮಿಸ್ಸೂ ಕಾರ್ಯದರ್ಶೀನೂ ಅಂಗಳಕ್ಕೆ ಬಂದ್ರು.

"ಆಂಜಿನಯ್ಯ, ತೆಗೀಬೇಡ" ಅಂತ ದೊಡ್ಡಬೈರಪ್ಪನವರು ಕೂಗಿದ್ರು. "ಶಶಿರೇಖಾ, ಇಷ್ಟಕ್ಕೆ ನಿಲ್ಸು. ಗೇಟು ದಾಟಿದ್ರೆ ಮತ್ತೆ ಒಳಗೆ ಕಾಲಿಡೋ ಹಾಗಿಲ್ಲ."

"ಇಡಲ್ಲ ಸ್ವಾಮಿ" ಅಂದೆ.

"ಪ್ರತಿಭಾ, ನೀವು ಕ್ಲಾಸಿಗೆ ಹೋಗಿ. ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ."

ಪ್ರತಿಭಾ ಮಿಸ್ ಹಿಡಿದ ಕಾಲು ಬಿಡ್ಲಿಲ್ಲ. ಮನೇಲಿ ತಂದೆ ಇಲ್ಲ, ಇವರ ಸಂಬಳದ ಮೇಲೇ ಮನೆ. ಆದ್ರೂ ಹೇಳಿದ್ರು. "ಸರ್, ಬಂದ ದಿನ ಇದು ಕುಟುಂಬ ಅಂದ್ರಿ. ಮನೆ ಮಗುವಿಗೆ ಹೀಗಾದ್ರೆ ಚೀಟಿ ಕೇಳ್ತಾರಾ ಸರ್?"

ಆಂಜಿನಯ್ಯ ಅವರ ಮುಖ ನೋಡ್ದ, ಇವರ ಮುಖ ನೋಡ್ದ, ಅಲ್ಲಾಡ್ಲಿಲ್ಲ. ಅವನನ್ನ ಏನಂತ ಅನ್ನಲಿ, ಅವನಿಗೂ ಹೆಂಡ್ತಿ ಮಕ್ಕಳು. ಆಗ ಹೆಡ್ ಮಿಸ್ ಬಂದು ಅವನ ಕೈಯಿಂದ ಬೀಗದ ಕೈ ಕಿತ್ಕೊಂಡು ತಾವೇ ತೆಗೆದ್ರು.   ನಾವು ಆಟೋ ಹತ್ತಿದ ಮೇಲೆ ತಿರುಗಿ ನೋಡ್ದೆ, ಗೇಟಿಗೆ ಹಣೆ ಇಟ್ಕೊಂಡು ನಿಂತಿದ್ರು.

ಆಸ್ಪತ್ರೇಲಿ ಅದೇ ವಾರ್ಡು ರೀ. ಅದೇ ಹಸಿರು ಪರದೆ. ನರ್ಸಮ್ಮ ಒಬ್ಬರು ನನ್ನ ಗುರುತು ಹಿಡಿದು ಗಾಬರಿಯಾಗಿ "ಮತ್ತೆ ಯಾರಮ್ಮ?" ಅಂದ್ರು. ಪ್ಲೇಟ್ಲೆಟ್ ಬಹಳ ಇಳಿದಿದೆ, ಒಳಗೇ ರಕ್ತ ಸುರೀತಿದೆ ಅಂತ ಡಾಕ್ಟರು ಹೇಳಿದ್ರು. ನಾಳೆ ತಂದಿದ್ರೆ ಅಂತ ಪ್ರತಿಭಾ ಮಿಸ್ ಕೇಳಿದ್ರು. ಯಾರು ತಡ ಮಾಡಿದ್ದು ಅಂತ ಡಾಕ್ಟರು ವಾಪಸ್ ಕೇಳಿದ್ರು.

ನಾನು ಹೊರಗಿನ ಬೆಂಚಲ್ಲಿ ಕೂತಿದ್ದೆ. ದೇವರ ಹೆಸರು ಒಂದೂ ನೆನಪಿಗೆ ಬರ್ಲಿಲ್ಲ. ಬದುಕ್ತಾಳೆ ಅಂತ ಗೊತ್ತಾದಾಗ ನನಗೆ ಸಂತೋಷ ಆಗ್ಬೇಕಿತ್ತಲ್ಲ? ಆಯ್ತು. ಆದ್ರೆ ಅದರ ಹಿಂದೇನೇ ಅನ್ನಿಸ್ತು. ಇಷ್ಟೇನಾ? ಒಂದು ಆಟೋ ಹತ್ತಿದ್ರೆ ಆಗ್ತಿತ್ತಾ? ನಮ್ಮ ಮಗೂಗೆ ಅಷ್ಟೂ ಮಾಡೋರು ಆವತ್ತು ಯಾರೂ ಇರ್ಲಿಲ್ವಾ? ಆಗ ಅಳು ಬಂತು ನೋಡಿ. ಹೋದ ವರ್ಷ ಹೆಣದ ಮುಂದೆ ಅಳದೇ ಇದ್ದವಳು ಈ ವರ್ಷ ಬದುಕಿದ ಮಗುವಿನ ಮುಂದೆ ಅತ್ತುಬಿಟ್ಟೆ.

ನಾಗವೇಣಿ ಈಗ ಎದ್ದು ಕೂತು ಗಂಜಿ ಕುಡೀತಾಳೆ. ಅವಳ ಅಪ್ಪ ಅಮ್ಮ ಹೊಸಪೇಟೆ ಕಡೆ ಎಲ್ಲೋ ಕೆಲಸದಲ್ಲಿದ್ದವರು ಬಂದ್ರು. ಅವಳಮ್ಮ ನನ್ನ ಕೈ ಹಿಡ್ಕೊಂಡು, "ನಿಮಗೆಷ್ಟು ಮಕ್ಳಕ್ಕ?" ಅಂತ ಕೇಳಿದ್ಲು. ಒಬ್ಬಳು ಅಂದೆ.

ಸ್ಕೂಲಿಂದ ನನ್ನನ್ನ ತೆಗೆದ್ರು. ಪ್ರತಿಭಾ ಮಿಸ್ಸನ್ನೂ ತೆಗೆದ್ರು. ಹೆಡ್ ಮಿಸ್ ರಜಾ ಹಾಕಿ ಮಲ್ಲೇಶ್ವರದಲ್ಲಿ ತಮ್ಮ ಮನೇಲಿದಾರಂತೆ. ನಮ್ಮ ಜಾಗಕ್ಕೆ ಬೇರೆಯವರು ಆಗಲೇ ಸಿಕ್ಕಿದಾರೆ. ಹಬ್ಬ ಕಳೆದ ಮೇಲೆ ಅವರಿಗೂ ಸ್ವಾಗತ ಇದೆ ಅಂತ ಆಂಡಾಳ್ ಮೇಡಂ ಫೋನಲ್ಲಿ ಹೇಳಿ ಅಳ್ತಿದ್ರು. ಅವರು ಅಲ್ಲೇ ಇದಾರೆ, ಎಲ್ಲಿಗೆ ಹೋಗ್ತಾರೆ ಪಾಪ.

ಆದ್ರೆ ಈ ಸಲ ವಿಷಯ ಅಲ್ಲಿಗೇ ಮುಗೀಲಿಲ್ಲ. ಡಾಕ್ಟರೇ ಬರೆದು ಕಳಿಸಿದ್ರು. ಮಕ್ಕಳ ಕಲ್ಯಾಣ ಸಮಿತಿಯಿಂದ ಒಬ್ಬ ಮೇಡಂ ಆಸ್ಪತ್ರೆಗೆ ಬಂದು ನನ್ನನ್ನ, ಪ್ರತಿಭಾ ಮಿಸ್ಸನ್ನ, ಹುಡುಗೀನ ಎಲ್ಲಾ ವಿಚಾರಿಸಿದ್ರು. ಕುಸುಮಾ ವಿಷಯಾನೂ ಮತ್ತೆ ತೆಗೀತಾರಂತೆ. ಹಬ್ಬ ಆದ ಮೇಲೆ ಕರೀತಾರೆ. ತಾಯಿ ತಂದೆ ಇಬ್ಬರೂ ಬಂದು ಹೇಳಿಕೆ ಕೊಡ್ಬೇಕು ಅಂದ್ರು. "ನಿಮ್ಮ ಯಜಮಾನರು ಬರ್ತಾರಾ?" ಅಂತ ಕೇಳಿದ್ರು. ಬರ್ತಾರೆ ಅಂದೆ. ನಿಮ್ಮನ್ನ ಕೇಳದೇ ಹೇಳಿಬಿಟ್ಟೆ.

ನಾಳೆಯಿಂದ ಗಾಡಿ ತೆಗೀತೀನಿ. ಹಬ್ಬಕ್ಕೆ ಗರಿಕೆ, ಬಾಳೆಕಂದು, ಸೊಪ್ಪು ಹೋಗತ್ತೆ. ಅತ್ತೆ ಕೂತ ಕಡೆಯೇ ಕಟ್ಟು ಕಟ್ಟಿಕೊಡ್ತೀನಿ ಅಂದಿದಾರೆ. ಪ್ರತಿಭಾ ಮಿಸ್ ಸಂಜೆ ಹೊತ್ತು ನಮ್ಮ ವಠಾರದ ಮಕ್ಕಳಿಗೆ ಟ್ಯೂಷನ್ ಶುರು ಮಾಡಿದಾರೆ. ಬೇರೆ ಸ್ಕೂಲು ಹುಡುಕ್ತಿದಾರೆ, ಇನ್ನೂ ಎಲ್ಲೂ ಆಗಿಲ್ಲ. ಎಲ್ಲಾ ಕಡೆ ಹಿಂದಿನ ಸ್ಕೂಲು ಯಾಕೆ ಬಿಟ್ರಿ ಅಂತ ಕೇಳ್ತಾರಂತೆ.

ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ಹೇಳಿ. ಬಿಸಿಲಲ್ಲಿ ತಲೆಗೆ ಟವೆಲ್ ಸುತ್ಕೊಂಡು ಕೆಲಸ ಮಾಡಿ. ಬೀಡಿ ಕಮ್ಮಿ ಮಾಡಿ. ಅತ್ತೆ ನಿಮ್ಮ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ ಹಾಗೆ ಬರಿ ಅಂತ ಪಕ್ಕದಲ್ಲೇ ಕೂತು ಹೇಳ್ತಿದಾರೆ, ಬರೆದಿದೀನಿ. ಮನೆದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ.

ನಿಮ್ಮ
ಶಶಿರೇಖಾ

ಮತ್ತೆ,

ಇದನ್ನ ಬೇರೆ ಹಾಳೇಲಿ ಬರೆದು ಒಳಗೆ ಮಡಚಿ ಇಟ್ಟಿದೀನಿ. ಭಾವನ ಎದುರಿಗೆ ಓದ್ಬೇಡಿ. ಒಬ್ಬರೇ ಓದಿ.

ಕೆಲಸದಿಂದ ತೆಗೆದ ದಿನ ಗೇಟಿನ ಹೊರಗೇ ಲೆಕ್ಕ ತೀರಿಸಿ ದೊಡ್ಡಬೈರಪ್ಪನವರು ನನ್ನ ಜೊತೆ ರಸ್ತೆ ತನಕ ಬಂದ್ರು. "ವಿಚಾರಣೆ ಅಂತ ಹೋಗ್ತೀಯಲ್ಲ, ಹೋಗಮ್ಮ. ಮೊದಲು ನಿನ್ನ ಗಂಡನ ಹೆಸರೇ ಬರತ್ತೆ. ಮಗು ವಾರ್ಡನ್ ಫೋನಿಂದ ಅವನಿಗೆ ಮಾತಾಡಿತ್ತು. ಅವನು ಏನಂದ ಅಂತ ಕೇಳು ಹೋಗಿ" ಅಂದ್ರು. ನನ್ನ ಬಾಯಿ ಮುಚ್ಚಿಸೋಕೆ ಸುಳ್ಳು ಹೇಳ್ತಿದಾರೆ ಅಂದ್ಕೊಂಡೆ. ಆಸ್ಪತ್ರೆಗೆ ಹೋಗಿ ನಾಗವೇಣೀನ ಕೇಳ್ದೆ. ಅವಳು ಸುಳ್ಳು ಹೇಳಲ್ಲ.

ಜ್ವರ ಬಂದ ಮಾರನೇ ದಿನ ಕುಸುಮಾ ಫೋನ್ ಮಾಡಿದ್ಲಂತೆ. ನೀವು ಮಾರ್ಕೆಟ್ಟಲ್ಲಿದ್ರಂತೆ, ಪಕ್ಕದಲ್ಲಿ ನಿಂತಿದ್ದ ಇವಳಿಗೂ ಗಲಾಟೆ ಕೇಳಿಸ್ತಿತ್ತಂತೆ. ಅಪ್ಪ, ಕರ್ಕೊಂಡು ಹೋಗು ಅಂದ್ಲಂತೆ. "ಜ್ವರಕ್ಕೆಲ್ಲ ಮನೆಗೆ ಓಡಿ ಬರ್ತಾರೇನಮ್ಮ? ಮಾತ್ರೆ ತಗೊಂಡು ಮಲಗು. ಭಾನುವಾರ ಬರ್ತೀನಿ" ಅಂದ್ರಂತೆ ನೀವು.

ನಿಜ ಹೇಳ್ತೀನಿ, ಆವತ್ತು ಮನೆಗೆ ಬಂದು ಗೂಟಕ್ಕೆ ನೇತಾಡ್ತಿದ್ದ ನಿಮ್ಮ ಅಂಗೀನ ಕಿತ್ತು ನೆಲಕ್ಕೆ ಎಸೆದೆ. ಅತ್ತೆ ಏನೂ ಕೇಳದೇ ಎತ್ತಿ ಮಡಚಿಟ್ರು. ಅವರಿಗೆ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಹತ್ತಿರ ಹತ್ತಿರ ಒಂದು ವರ್ಷ ನನ್ನ ಪಕ್ಕದಲ್ಲೇ ಮಲಗಿ ಇದನ್ನ ಒಬ್ಬರೇ ಹೊತ್ಕೊಂಡಿದ್ರಲ್ಲ, ಅದಕ್ಕೆ ನನಗೆ ಸಿಟ್ಟು. ನೀವು ಮನೆ ಬಿಟ್ಟು ಹೋಗಿದ್ದು ನನ್ನ ಕೆಲಸದ ಮೇಲಿನ ಕೋಪಕ್ಕಲ್ಲ ಅಂತ ಈಗ ತಿಳೀತು. ನಾನು ಅಲ್ಲಿಗೆ ಸೇರಿದ್ರೆ ಯಾರೋ ಒಬ್ಬರು ನನಗೆ ಇದನ್ನ ಹೇಳ್ತಾರೆ ಅಂತ ಹೆದರಿ ಹೋದ್ರಿ.

ಇನ್ನೊಂದು ಮಾತೂ ನಾಗವೇಣಿ ಹೇಳಿದ್ಲು. ಫೋನ್ ಇಟ್ಟ ಮೇಲೆ ಕುಸುಮಾ ಅಳಲಿಲ್ಲವಂತೆ. "ನಮ್ಮಪ್ಪ ಭಾನುವಾರ ಬರ್ತಾರೆ" ಅಂತ ಪಕ್ಕದ ಮಂಚದವರಿಗೆಲ್ಲ ಹೇಳಿ, ಹೊದ್ಕೊಂಡು ಮಲಗಿದ್ಲಂತೆ.

ವಿಚಾರಣೇಲಿ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಪಕ್ಕದಲ್ಲೇ ಕೂತಿರ್ತೀನಿ. ಆವತ್ತು ಅವಳು ನಿಮಗೆ ಮಾಡಿದ ಫೋನು ನನಗೆ ಬಂದಿದ್ರೆ ಏನು ಹೇಳ್ತಿದ್ದೆ ಅಂತ ದಿನಾ ಕೇಳ್ಕೊಳ್ತೀನಿ ರೀ. ನಾನೂ ಭಾನುವಾರ ಅಂತಾನೇ ಹೇಳ್ತಿದ್ದೆ.